ಕರೆಂಟ್ ಕೊಡಿಸೋದಾ ಬೇಡ್ವಾ, ದೊಡ್ಡವ್ವನನ್ನು ಕೇಳಿದ್ರಾ?

ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ನಿಗೆ ನಮ್ಮ ಮಂಡ್ಯದ ಕಡೆ ಯಾರೂ ಆ ಹೆಸರು ಹೇಳುವುದಿಲ್ಲ. ‘ಕರೆಂಟ್ ಕೊಡೋದು’ ಅಂತಾರೆ. ಹೋದ ಡಿಸೆಂಬರಿನಲ್ಲಿ ಪಾಂಡವಪುರದ ಹತ್ತಿರದ ನಮ್ಮೂರಿಂದ ಅಣ್ಣ ಫೋನ್ ಮಾಡಿದ. ದೊಡ್ಡವ್ವನಿಗೆ ಸ್ತನದ ಗಡ್ಡೆ ತೆಗೆದಿದ್ದರು. “ಕರೆಂಟ್ ಕೊಡಿಸಬೇಕಾ ಬೇಡ್ವಾ, ಮನೇಲಿ ಮಾತಾಡ್ಕೊಂಡು ಬನ್ನಿ ಅಂದವ್ರೆ ಡಾಕ್ಟ್ರು. ನೀನು ಹೇಳು” ಅಂದ.

“ದೊಡ್ಡವ್ವ ಏನಂತಾಳೆ?”

“ಅವ್ವಂಗೆ ಏನ್ ಗೊತ್ತಾಯ್ತದೆ? ಬರೀ ಗಡ್ಡೆ ಅಂತ ಹೇಳಿದ್ದೀವಿ.”

ನಾನು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು 11 ವರ್ಷ. ಇಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿಗೆ 71 ವರ್ಷ, ಅವರಿಗೂ ಇದೇ ಕಾಯಿಲೆ. ಡಾಕ್ಟರು ಮೊದಲ ದಿನವೇ ಅವರ ಮುಂದೆಯೇ ಕ್ಯಾನ್ಸರ್ ಅಂದರು. ರೇಡಿಯೇಷನ್ ಮಾಡಿಸಿದರೆ ಏನು, ಬಿಟ್ಟರೆ ಏನು ಅಂತ ಅಂಕಿ ಸಮೇತ ವಿವರಿಸಿ, ಯೋಚನೆ ಮಾಡಿ ಬನ್ನಿ ಅಂದರು. ಅವರು ಬೇಡ ಅಂತ ತೀರ್ಮಾನಿಸಿದರು. ಅದು ಮೊಂಡುತನ ಅಲ್ಲ. ಎಡಿನ್‌ಬರೋದವರೇ ಮುಂದೆ ನಿಂತು ನಡೆಸಿದ ಪ್ರೈಮ್ 2 ಅನ್ನೋ ಅಧ್ಯಯನದ ಹತ್ತು ವರ್ಷದ ಫಲಿತಾಂಶ 2023ರಲ್ಲಿ ಬಂತು. ಅದರಲ್ಲಿದ್ದದ್ದು 65 ತುಂಬಿದ 1,326 ಹೆಂಗಸರು. ಗಡ್ಡೆ 3 ಸೆಂಟಿಮೀಟರಿಗಿಂತ ದೊಡ್ಡದಲ್ಲ, ಕಂಕುಳಿಗೆ ಹರಡಿಲ್ಲ, ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿಯದು. ರೇಡಿಯೇಷನ್ ಆದವರಲ್ಲಿ ನೂರಕ್ಕೆ ಒಬ್ಬರಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಬಿಟ್ಟವರಲ್ಲಿ ಒಂಬತ್ತು ಹತ್ತು ಜನಕ್ಕೆ. ಆದರೆ ಹತ್ತು ವರ್ಷ ಬದುಕಿದ್ದವರು ಎರಡೂ ಕಡೆ ನೂರಕ್ಕೆ ಸುಮಾರು 81.

ಚಿಕ್ಕ ವಯಸ್ಸಿನವರು, ಕಂಕುಳ ಗಂಟಿಗೆ ಹರಡಿರುವವರು ಈ ಲೆಕ್ಕ ಹಿಡಿದು ಬಿಟ್ಟುಬಿಡಬಾರದು. ಅವರಿಗಿದು ಅನ್ವಯಿಸುವುದಿಲ್ಲ.

ದೊಡ್ಡವ್ವನಿಗೆ 68. ರಿಪೋರ್ಟ್ ನೋಡಿದರೆ ಅವಳೂ ಇದೇ ಗುಂಪಿನವಳು. ಸುಮ್ನೆ ಬೇಡ ಅಂದುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. “ಫೋನ್ ಅವಳ ಕೈಗೆ ಕೊಡು” ಅಂದೆ.

ವಿಡಿಯೊದಲ್ಲಿ ದೊಡ್ಡವ್ವ ಜಗಲಿ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ಆಪರೇಷನ್ ಆದ ಕಡೆಯ ಕೈ ಮಡಿಲಲ್ಲಿತ್ತು, ಇನ್ನೊಂದೇ ಕೈಯಲ್ಲಿ ಕೆಲಸ. ನಾನು ತಡವರಿಸೋದು ನೋಡಿ ಅವಳೇ ಅಂದಳು, “ಕ್ಯಾನ್ಸರ್ ಅಂತ ನಂಗೊತ್ತಿಲ್ವಾ ಮಗಾ? ಪಕ್ಕದ ಮಂಚದವ್ಳು ಅವತ್ತೇ ಹೇಳಿದ್ಲು. ಇವ್ರು ನೊಂದ್ಕೋತಾರೆ ಅಂತ ನಾನೇ ಸುಮ್ಕಿದ್ದೆ.”

ಆಮೇಲೆ ಕೇಳಿದಳು, “ಕರೆಂಟ್ ಅಂದ್ರೆ ಪಂಪ್‌ಸೆಟ್ ಸ್ಟಾರ್ಟರ್ ಹೊಡೀತದಲ್ಲ, ಹಂಗಾ?”

ಇಷ್ಟು ದಿನ ಆ ಹೆದರಿಕೆ ಇಟ್ಟುಕೊಂಡು ಒಬ್ಬಳೇ ಮಲಗುತ್ತಿದ್ದಳು. ಷಾಕ್ ಹೊಡೆಯಲ್ಲ, ಎಕ್ಸ್‌ರೇ ತರಹ, ಕೊಡುವಾಗ ನೋವೇ ಗೊತ್ತಾಗಲ್ಲ ಅಂದೆ. ಚರ್ಮ ಕೆಂಪಗಾಗಿ ಉರಿಯಬಹುದು, ಸುಸ್ತಾಗುತ್ತೆ ಅಂತಲೂ ಹೇಳಿದೆ. ಮೊದಲೆಲ್ಲ ಐದು ವಾರ ಅಲೆಯಬೇಕಿತ್ತು, ಈಗ 15 ಸಲ, ಮೂರು ವಾರಕ್ಕೆ ಮುಗಿಯುತ್ತೆ. ಕೆಲವರಿಗೆ ಐದೇ ಸಲ ಸಾಕು. ಬಿಡೋದಾದರೆ ಹಾರ್ಮೋನ್ ಮಾತ್ರೆ ಐದು ವರ್ಷ ದಿನಾ ತಪ್ಪದೆ ನುಂಗಬೇಕು.

“ಬಿಪಿ ಮಾತ್ರೇನೇ ನೆಟ್ಟಗೆ ನುಂಗಲ್ಲ ನಾನು. ಅದನ್ನ ನಂಬ್ಕೊಂಡು ಕರೆಂಟ್ ಬಿಡೋದು ಬ್ಯಾಡ. ಕೊಡಿಸ್ಬುಡಿ.”

ಈ ಒಂದು ಮಾತು ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಆ ಅಧ್ಯಯನದಲ್ಲಿ ರೇಡಿಯೇಷನ್ ಬಿಟ್ಟವರಿಗೂ ಮಾತ್ರೆಯೇ ಕಾವಲು. ಅದು ತನ್ನ ಕೈಲಾಗಲ್ಲ ಅಂತ ಅವಳಿಗೆ ಗೊತ್ತಿತ್ತು, ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಹೊರಗೆ ಕೂರಿಸಿ ಮಗನ ಹತ್ತಿರ ಮಾತ್ರ ಮಾತಾಡಿದ ಆ ಡಾಕ್ಟರ ಮೇಲೆ ನನಗೆ ಈಗಲೂ ಸಿಟ್ಟಿದೆ. ಕರೆಂಟ್ ಕೊಡಿಸಿದರೂ ಮಾತ್ರೆ ತಪ್ಪಲ್ಲ ಅಂತ ನಾನು ಹೇಳಿದಾಗ ಮಾತ್ರ ಅವಳ ಮುಖ ಸಣ್ಣಗಾಯಿತು.

ಇಲ್ಲಿನವರ ಈ ಕೇಳುವ ಪದ್ಧತಿ ನಮ್ಮೂರಿಗೆ ಬರಲೇಬೇಕು. ಹಾಗಂತ ಇಲ್ಲಿಯದೆಲ್ಲ ಸರಿ ಅನ್ನಲಾರೆ. ಕೆಳಗಿನ ಮನೆಯ ಅಜ್ಜಿ ತೀರ್ಮಾನ ಮಾಡಿದ ರಾತ್ರಿ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, “ನಾನು ಮಾಡಿದ್ದು ಸರಿಯಾ?” ಅಂತ ಕೇಳಿದರು. ಹೇಳಿಕೊಳ್ಳೋಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮಣ್ಣ ಕಬ್ಬಿನ ಕಟಾವು ಬಿಟ್ಟು 15 ದಿನವೂ ಅವ್ವನ ಜೊತೆ ಮೈಸೂರಿಗೆ ಹೋಗಿ ಬಂದ.

ಈಗ ಮೊಮ್ಮಗಳು ಬೆಳಗಿನ ಕಾಫಿ ಲೋಟದ ಪಕ್ಕ ಮಾತ್ರೆ ಇಡುತ್ತಾಳೆ. ನುಂಗಿದ ಮೇಲೇ ಕಾಫಿ.