ಉಪದೇಶ ಅವನದು, ಚಹಾ ನನ್ನದು

ನಲ್ಲಿ ನೀರು ಬರೋ ದಿನ ಮನೆಯಲ್ಲಿ ಯಾರೂ ತತ್ವ ಹೇಳಬಾರದು ಅಂತ ಒಂದು ಕಾನೂನು ಬೇಕು. ದಾವಣಗೆರೆಯಲ್ಲಿ ಮನೆ ಮಾಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಸಂಪು ತುಂಬಬೇಕು, ಡ್ರಮ್ಮು ತುಂಬಬೇಕು, ಒಲೆ ಮೇಲೆ ಹಾಲು, ಮಗಳ ಜಡೆ ಅರ್ಧಕ್ಕೆ ನಿಂತಿರುತ್ತೆ. ನಿನ್ನೆ ಅಂಥಾ ಹೊತ್ತಲ್ಲೇ ನನ್ನ ತಮ್ಮ ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, "ಅಕ್ಕ, ನೀರು ನೋಡು, ಎಷ್ಟು ಶಾಂತವಾಗಿ ಹರೀತದೆ" ಅಂದ. ಹರೀತಿತ್ತು, ಹೌದು. ಡ್ರಮ್ಮು ತುಂಬಿ ಅಂಗಳಕ್ಕೆ.

ಇವನು ಮೊದಲು ಹಿಂಗಿರಲಿಲ್ಲ. ಕೆಟ್ಟಿದ್ದು ಮಗಳ ಕಾರ್ಟೂನಿಂದ. 'ಅವತಾರ್: ದ ಲಾಸ್ಟ್ ಏರ್‌ಬೆಂಡರ್'. ನೀಲಿ ಮೈಯವರ ಸಿನಿಮಾ ಅಲ್ಲ, ಅದು ಬೇರೆ. ಇದು 2005ರಲ್ಲಿ ಅಮೆರಿಕದಲ್ಲಿ ಶುರುವಾಗಿ 2008ಕ್ಕೇ ಮುಗಿದ ಸರಣಿ, ನಮ್ಮನೆಗೆ ಮಾತ್ರ ಈಗ ಬಂದಿದೆ. ಅದರಲ್ಲಿ ಐರೋ ಅಂತ ಒಬ್ಬ ಮುದುಕ. ಡೊಳ್ಳು ಹೊಟ್ಟೆ, ನರೆತ ಗಡ್ಡ. ಒಂದು ಕಾಲಕ್ಕೆ ಬಾ ಸಿಂಗ್ ಸೇ ಅನ್ನೋ ಊರಿಗೆ 600 ದಿನ ಮುತ್ತಿಗೆ ಹಾಕಿದ ಸೇನಾಪತಿ. ಈಗ ಜುಕೋ ಅನ್ನೋ ಸಿಡುಕು ಮೂತಿಯ ತಮ್ಮನ ಮಗನನ್ನ ಕಟ್ಟಿಕೊಂಡು ಅಲೀತಾ, ಚಹಾ ಕುಡೀತಾ, ಮೆತ್ತಗೆ ಬುದ್ಧಿ ಹೇಳ್ತಾನೆ. "ಮಾಮಾ, ನೀನು ಥೇಟ್ ಐರೋ" ಅಂತ ಮಗಳು ಅಂದಳು. ಅವಳು ಹೊಟ್ಟೆ ನೋಡಿ ಅಂದಿದ್ದು ಅಂತ ನನ್ನ ಅನುಮಾನ. ಇವನು ಜ್ಞಾನಕ್ಕೆ ಅಂತ ತಗೊಂಡ. ಎರಡು ಓಣಿ ಆಚೆಗೇ ಇವನ ಮನೆ. ಅಲ್ಲಿ ಹೆಂಡತಿ ಎದುರು ಜ್ಞಾನ ನಡೆಯಲ್ಲ, ಅದಕ್ಕೆ ಬೆಳಿಗ್ಗೆ ಬೆಳಿಗ್ಗೆ ಇಲ್ಲಿಗೆ ಸವಾರಿ.

ಆದರೆ ಐರೋ ಚಹಾ ತಾನೇ ಕಾಸ್ತಾನೆ ಕಣ್ರೀ! ಮುತ್ತಿಗೆ ಹಾಕಿದ ಊರಲ್ಲೇ ಇನ್ನೊಬ್ಬರ ಅಂಗಡಿಯಲ್ಲಿ ದುಡಿದು, ಆಮೇಲೆ 'ಜಾಸ್ಮಿನ್ ಡ್ರ್ಯಾಗನ್' ಅಂತ ಸ್ವಂತದ್ದು ಇಟ್ಟವನು. ನನ್ನ ತಮ್ಮನಿಗೆ ಸ್ಟೌ ಯಾವ ಕಡೆ ತಿರುಗಿಸಿದರೆ ಹತ್ತುತ್ತೆ ಅಂತಲೂ ಗೊತ್ತಿಲ್ಲ. "ಅಕ್ಕ, ಒಂದು ಚಾ ಆಗ್ಲಿ" ಅಂತ ಶುರುವಾಗೋ ಉಪದೇಶ, "ಸಕ್ಕರೆ ಕಮ್ಮಿ ಆಯ್ತು" ಅಂತ ಮುಗಿಯುತ್ತೆ. ನಡುವೆ ಖಾರ ಮಂಡಕ್ಕಿ ಬೇರೆ ಕಲಸಿ ಕೊಡಬೇಕು.

ನಿನ್ನೆ ಹೊರಡೋಕೆ ಎದ್ದ, ಸ್ಕೂಟರ್ ಕೀ ಇಲ್ಲ. ಟೀಪಾಯಿ ಸರಿಸಿದೆವು, ದಿಂಬು ಕೊಡವಿದೆವು, ಚಪ್ಪಲಿ ಸ್ಟ್ಯಾಂಡು ತಲೆಕೆಳಗು ಮಾಡಿದೆವು. ಸ್ನಾನಕ್ಕೆ ಹೊರಟಿದ್ದ ನಮ್ಮನೆಯವರು ಟವೆಲ್ಲಲ್ಲೇ ಮಂಚದ ಕೆಳಗೆ ತೂರಿ ಟಾರ್ಚ್ ಬಿಟ್ಟರು. ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ "ಏನ್ ಕಳೀತ್ರೀ?" ಅಂದವರು ಉತ್ತರಕ್ಕೂ ಕಾಯದೆ ಚರಂಡಿ ಇಣುಕತೊಡಗಿದರು. ಕೀ ಕಳಕೊಂಡವನು ಮಾತ್ರ ಲೋಟ ಹಿಡಿದು ಮತ್ತೆ ಕೂತ. "ಹುಡುಕಿದಷ್ಟೂ ಸಿಗಲ್ಲ ಅಕ್ಕ. ಬಿಟ್ಟುಬಿಡು, ತಾನಾಗೇ ಬರುತ್ತೆ." ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿದ್ದು ಆವಾಗಲೇ. ಶಾಲೆ ಆಟೋದವನು ಹಾರ್ನ್ ಮೇಲಿಂದ ಕೈ ತೆಗೀಲೇ ಇಲ್ಲ. ಅಷ್ಟರಲ್ಲಿ ಇವನಿಗೆ ಫೋನ್ ಬಂತು. ಜೇಬಿಂದ ಮೊಬೈಲ್ ಎಳೆದ. ಅದರ ಹಿಂದೆಯೇ ಕೀ, ದುರ್ಗದ ಕೋಟೆ ಚಿತ್ರದ ಕೀ ಚೈನ್ ಸಮೇತ, ಟಣ್ ಅಂತ ಬಿತ್ತು.

ನಾನು ಬಾಯಿ ತೆರೆಯೋ ಮೊದಲೇ ಮಗಳು ಚಪ್ಪಾಳೆ ತಟ್ಟಿದಳು. ಐರೋನೂ ಒಂದ್ಸಲ ಪೈ ಶೋ ಆಟದ ಕಮಲದ ಬಿಲ್ಲೆ ಕಳೆದೋಯ್ತು ಅಂತ ಹಡಗನ್ನೇ ಬೇರೆ ದಿಕ್ಕಿಗೆ ತಿರುಗಿಸಿ, ಅಂಗಡಿಯೆಲ್ಲ ಜಾಲಾಡಿದ್ದನಂತೆ. ಕೊನೆಗೆ ಅದು ಅವನ ಅಂಗಿ ತೋಳಿನೊಳಗೇ ಇತ್ತಂತೆ. "ನೋಡ್ದ್ಯಾ?" ಅಂದ ತಮ್ಮ. ಇನ್ನು ಬೈಯೋದು ಹೆಂಗೆ?

ಐರೋ ಮೇಲೆ ನನಗೇನೂ ಸಿಟ್ಟಿಲ್ಲ. ಒಂದು ಕಂತು ನಾನೂ ಕೂತು ನೋಡಿದೆ. ಅಳೋ ಮಗುವನ್ನ ನಗಿಸಿ, ದೋಚೋಕೆ ಬಂದ ಕಳ್ಳನಿಗೇ ಚಹಾ ಕುಡಿಸಿದ ಮುದುಕ, ಸಂಜೆ ಗುಡ್ಡದ ಮೇಲೆ, ಯುದ್ಧದಲ್ಲಿ ಸತ್ತ ಮಗನ ಚಿತ್ರದ ಮುಂದೆ ಒಬ್ಬನೇ ಹಾಡಿ ಅಳ್ತಾನೆ. ದನಿ ಕೊಟ್ಟ ಮಾಕೋ 2006ರಲ್ಲಿ ತೀರಿಕೊಂಡರು. ಆ ಭಾಗವನ್ನ ಅವರಿಗೇ ಅರ್ಪಿಸಿದ್ದಾರೆ. ನನಗೆ ಅಪ್ಪನ ನೆನಪಾಯ್ತು. ಹತ್ತಿ ಗಿರಣಿ ಶಿಫ್ಟ್ ಮುಗಿಸಿ ಬಂದು, ಅರ್ಧ ಚಾ ಬಸಿಗೆ ಸುರಿದು ನಮ್ಮಿಬ್ಬರ ಮುಂದೆ ಸರಿಸ್ತಿದ್ದ. ಒಂದು ಮಾತು ಬುದ್ಧಿ ಹೇಳಿದವನಲ್ಲ. ತಮ್ಮನೂ ಸುಮ್ಮನಾಗಿದ್ದ. ಆಮೇಲೆ ಮೂಗು ಒರೆಸಿಕೊಂಡು, "ಅಕ್ಕ, ಈ ಹೊತ್ತಿಗೆ ಒಂದು ಚಾ..."

"ಇವನು ಐರೋ ಆದ್ರೆ ನಾನ್ಯಾರೇ?" ಅಂತ ಮಗಳನ್ನ ಕೇಳಿದೆ.

"ಜುಕೋ. ಯಾವಾಗ್ಲೂ ಕೂಗಾಡ್ತಿರ್ತೀಯ."

ಆಗಲಿ. ಜುಕೋಗೆ ಕುಡಿಯೋಕೆ ಚಹಾನಾದರೂ ಯಾರೋ ಮಾಡಿಕೊಡ್ತಿದ್ದರು.