ತಾಳಮದ್ದಳೆಗೆ ಎಲ್‌ಇಡಿ ಪರದೆ ಯಾಕೆ?

ಶಿರಸಿ ಕಡೆ ಈಗ ಯಾವ ಕಾರ್ಯಕ್ರಮದ ಆಮಂತ್ರಣ ಬಂದರೂ ಅದಕ್ಕೊಂದು ‘ಉತ್ಸವ’ದ ಬಾಲ ಇರುತ್ತದೆ. ಎಲ್‌ಇಡಿ ಪರದೆ, ಸಾಲು ಸಾಲು ಕುರ್ಚಿ, ದೀಪ ಬೆಳಗಿಸುವವರ ಉದ್ದನೆಯ ಪಟ್ಟಿ, ಸನ್ಮಾನ. ಕೊರೊನಾ ಬಂದುಹೋದ ಮೇಲೆ ಭಾಷಣಕ್ಕೆ ಒಂದು ಸಾಲು ಸೇರಿಕೊಂಡಿದೆ: ದೂರವಾದ ಮನಸ್ಸುಗಳನ್ನು ಕಲೆ ಬೆಸೆಯುತ್ತದೆಯಂತೆ. ಬೆಸೆಯುತ್ತದೆ, ಒಪ್ಪಿದೆ. ಆದರೆ ಆ ಕುರ್ಚಿಗಳ ಮೇಲಲ್ಲ. ಪಕ್ಕದಲ್ಲಿ ಕುಳಿತವರ ಊರು ಯಾವುದೆಂದೂ ಕೇಳದೆ ಎದ್ದು ಹೋಗುವ ಸಭೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮವರನ್ನು ಮತ್ತೆ ಮಾತಿಗೆ ಎಳೆದದ್ದು ಮನೆಯ ಜಗಲಿಯ ಮೇಲೆ, ದೇವಸ್ಥಾನದ ಮೂಲೆಯಲ್ಲಿ ನಡೆದ ಸಣ್ಣ ತಾಳಮದ್ದಳೆಗಳು, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನಗಳು.

2020ರ ಮಾರ್ಚ್ ಆರಂಭದಲ್ಲಿ ಮಾರಿಕಾಂಬಾ ಜಾತ್ರೆ ನಡೆದಾಗ ಜಾತ್ರೆಯ ಬಯಲಾದ ಬಿಡ್ಕಿಬೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದೇ ತಿಂಗಳ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಯಕ್ಷಗಾನ ಮೇಳಗಳ ತಿರುಗಾಟ ಹಂಗಾಮು ಮುಗಿಯುವ ಮೊದಲೇ ನಿಂತಿತು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮೊದಲೇ ಮನೆಗಳು ಚದುರಿಕೊಂಡಿವೆ. ಒಂದು ತೋಟ, ಒಂದು ಸೊಪ್ಪಿನ ಬೆಟ್ಟ ದಾಟಿದರೆ ಇನ್ನೊಂದು ಮನೆ. ಮಕ್ಕಳು ಬೆಂಗಳೂರಿನಲ್ಲಿ. ಲಾಕ್‌ಡೌನ್ ಇಲ್ಲದ ಮಳೆಗಾಲದಲ್ಲೂ ವಾರಗಟ್ಟಲೆ ಬೇರೆ ಮುಖ ಕಾಣದ ಹಿರಿಯರು ಇಲ್ಲಿದ್ದಾರೆ. ಮೇಳದವರು ಗೆಜ್ಜೆ ಬಿಚ್ಚಿಡುವ ಆ ತಿಂಗಳುಗಳಲ್ಲೇ ತಾಳಮದ್ದಳೆಗೆ ಕಳೆ ಬರುವುದು.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರ ಮೇಲೆ ಅಲ್ಲೇ ಮಾತು ಕಟ್ಟುತ್ತಾರೆ. ಎರಡನೇ ಅಲೆ ಇಳಿದ ಮೇಲೆ ನಮ್ಮ ಸಮೀಪದ ಮನೆಯೊಂದರಲ್ಲಿ ವಾಲಿವಧೆ ಇಟ್ಟುಕೊಂಡಿದ್ದರು. ಬಂದವರಲ್ಲಿ ಅಣ್ಣನನ್ನು ಕಳೆದುಕೊಂಡವರಿದ್ದರು. ಅವರಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯದೆ, ಎಲ್ಲರೂ ಕವಳದ (ಎಲೆಯಡಿಕೆಯ) ತಟ್ಟೆಯ ಕಡೆಗೇ ನೋಡುತ್ತಿದ್ದರು. ಆಮೇಲೆ ವಾಲಿ ಶುರು ಮಾಡಿದ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ? ನಿನಗೂ ನನಗೂ ಏನು ವೈರ? ರಾಮನ ಅರ್ಥಧಾರಿ ಚೆನ್ನಾಗಿ ಓದಿಕೊಂಡವರು, ಆದರೂ ಬೆವರಿದರು.

ನಡುವೆ ಚಹಾಕ್ಕೆ ಬಿಟ್ಟಾಗ ಜಗಲಿಯಲ್ಲಿ ಜಗಳವೇ ಎದ್ದಿತು.

“ರಾಮ ಇವತ್ತು ಸೋತ, ಭಾವ.”

“ಎಲ್ಲಿ ಸೋತ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಶಿಕ್ಷೆ ಬೇಡವೋ?”

“ಶಿಕ್ಷೆ ಕೊಡುವವನು ಎದುರಿಗೆ ನಿಲ್ಲಲಿ ಎನ್ನುತ್ತೇನೆ ನಾನು.”

ಹಾಗೆಂದವರು ಆ ಅಣ್ಣನನ್ನು ಕಳೆದುಕೊಂಡವರೇ. ಅಣ್ಣ ತಮ್ಮಂದಿರ ಕಥೆಯ ಬಗ್ಗೆ ಅವರು ಅಷ್ಟು ಹೊತ್ತು ಮಾತನಾಡಿದರು, ತಮ್ಮ ಮನೆಯ ವಿಷಯವನ್ನು ಒಂದಕ್ಷರವೂ ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ. ದುಃಖವನ್ನು ನೇರವಾಗಿ ಕೆದಕದೆ ಜೊತೆಗೆ ಕೂರಲು ಒಂದು ನೆಪ ಬೇಕಿತ್ತು. ವಾಲಿ ಆ ನೆಪ ಒದಗಿಸಿದ. ಮೊಬೈಲಿನಲ್ಲಿ ನೇರ ಪ್ರಸಾರವಾದ ತಾಳಮದ್ದಳೆಗಳನ್ನು ನಾನೂ ಕೇಳಿದ್ದೇನೆ. ಕೆಲಸವಿಲ್ಲದ ಕಲಾವಿದರಿಗೆ ಅವು ನೆರವಾದವು, ತಕರಾರಿಲ್ಲ. ಆದರೆ ಪ್ರಸಾರ ಮುಗಿದ ಮೇಲೆ ಜಗಳಕ್ಕೆ ಯಾರಿದ್ದರು?

ಜಗಲಿಯದ್ದೆಲ್ಲ ಚಂದ ಎಂದು ಹೇಳುತ್ತಿಲ್ಲ. ಗಂಡಸರು ಧರ್ಮಾಧರ್ಮ ವಿಚಾರಿಸುವಾಗ ಒಳಗೆ ಅವಲಕ್ಕಿ ಕಲೆಸುತ್ತಾ ಅರ್ಧ ಪ್ರಸಂಗ ಕಳೆದುಕೊಳ್ಳುವವರು ಹೆಂಗಸರು. ನಮ್ಮ ಜಿಲ್ಲೆಯಲ್ಲಿ ಮಹಿಳಾ ತಾಳಮದ್ದಳೆ ತಂಡಗಳಿವೆ. ಅವರು ಅರ್ಥ ಹೇಳುವ ದಿನ ಚಹಾ ಮಾಡುವ ಪಾಳಿ ಯಾರದ್ದೆಂದು ಸಂಘಟಕರು ಮೊದಲೇ ಯೋಚಿಸಿದರೆ ಒಳ್ಳೆಯದು.

ಜಗಲಿಯವರೆಗೂ ಬರಲಾಗದವರ ವಿಷಯದಲ್ಲಿ ಕರಾವಳಿಯ ಹಾಲಕ್ಕಿ ಒಕ್ಕಲಿಗರು ನಮಗಿಂತ ಜಾಣರು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅಂಕೋಲಾ, ಕುಮಟಾ ಕಡೆ ತಲೆಗೆ ತುರಾಯಿ ಕಟ್ಟಿಕೊಂಡ ಸುಗ್ಗಿ ಕುಣಿತದ ತಂಡ ಮನೆ ಮನೆಯ ಅಂಗಳಕ್ಕೇ ಹೋಗಿ ಕುಣಿಯುತ್ತದೆ. ಹಾಸಿಗೆ ಹಿಡಿದ ಅಜ್ಜಿಯೂ ಕಿಟಕಿಯಿಂದ ನೋಡಬಹುದು.

ಹಾಗಾಗಿ ಹಣ ಇರುವ ಸಂಘದವರಲ್ಲಿ ನನ್ನದೊಂದು ಕೋರಿಕೆ. ಒಂದು ಉತ್ಸವದ ಶಾಮಿಯಾನದ ಖರ್ಚಿನಲ್ಲಿ ಹಲವು ಮನೆಗಳ ಜಗಲಿಯಲ್ಲಿ ತಾಳಮದ್ದಳೆ ನಡೆಯುತ್ತದೆ. ಕಲಾವಿದರಿಗೆ ಗೌರವಧನವನ್ನು ಮಾತ್ರ ಕಡಿಮೆ ಮಾಡಬೇಡಿ. ಸನ್ಮಾನ ಬೇಕೇ ಬೇಕೆಂದರೆ ಮಂಗಳ ಹಾಡಿದ ಮೇಲೆ ಮಾಡಿ, ಇರುವವರು ಇರುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರಿನ ಕೆಳಗೆ, ಒಂಟಿಯಾಗಿರುವ ಹಿರಿಯರನ್ನು ಕರೆತಂದು ರಾತ್ರಿ ಮನೆಗೆ ಬಿಡುವ ಜೀಪು ಯಾರದ್ದು, ಯಾವ ಸಂಖ್ಯೆಗೆ ಫೋನ್ ಮಾಡಬೇಕು ಎಂಬುದನ್ನೂ ಅಚ್ಚು ಹಾಕಿಸಿ.