ಬ್ಯಾಕ್‌ವರ್ಡ್: ಯಾವುದರಲ್ಲಿ?

ನಮ್ಮದು ಕಲಬುರಗಿ ಎಂದ ತಕ್ಷಣ ‘ಓ, ಬ್ಯಾಕ್‌ವರ್ಡ್ ಏರಿಯಾ’ ಎನ್ನುವವರಿದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: ಯಾವುದರಲ್ಲಿ?

ಆ ಪದ ಹುಟ್ಟುವಾಗ ಹೀನಾಯದ ಅರ್ಥವನ್ನು ಹೊತ್ತು ಬಂದಿರಲಿಲ್ಲ. ‘ಬ್ಯಾಕ್’ ಎಂದರೆ ಬೆನ್ನು. ‘ವರ್ಡ್’ ಎಂದರೆ ಕಡೆಗೆ. ಮನೆಯ ಕಡೆಗೆ ಎನ್ನುವ ‘ಹೋಮ್‌ವರ್ಡ್’ನಲ್ಲಿ ಇರುವುದೂ ಅದೇ ಪ್ರತ್ಯಯ. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ಅದು ಬರೀ ದಿಕ್ಕು ತೋರಿಸುವ ಕ್ರಿಯಾವಿಶೇಷಣ. ನಾಮಪದದ ಮುಂದೆ ವಿಶೇಷಣವಾಗಿ ಕೂತಿದ್ದು 16ನೇ ಶತಮಾನದಲ್ಲಿ, ಪ್ರಗತಿಯಲ್ಲಿ ಹಿಂದೆ ಬಿದ್ದದ್ದು ಎಂಬ ಅರ್ಥ ಅಂಟಿದ್ದು 17ನೇ ಶತಮಾನದ ಕೊನೆಗೆ. ಮುಂದೆ ಬಂದು ಮಾತಾಡಲು ಸಂಕೋಚಪಡುವವರಿಗೂ ಈ ಪದವಿತ್ತು. ತಡವಾಗಿ ಬಂದ ಋತುವಿಗೆ, ತಡವಾಗಿ ಮಾಗುವ ಬೆಳೆಗೂ ಇಂಗ್ಲೆಂಡಿನ ರೈತರು ಇದನ್ನೇ ಬಳಸುತ್ತಿದ್ದರು. ನಮ್ಮ ಹೊಲಗಳಲ್ಲಿ ಹೆಸರು ರಾಶಿಯಾಗಿ ಮನೆ ಸೇರಿದ ಮೇಲೂ ತೊಗರಿ ತಿಂಗಳುಗಟ್ಟಲೆ ನಿಂತಿರುತ್ತದೆ. ಅದನ್ನು ಯಾರೂ ಕೀಳು ಬೆಳೆ ಎನ್ನುವುದಿಲ್ಲ.

ನಮ್ಮ ಸಂವಿಧಾನ ಈ ಪದವನ್ನು ಎಷ್ಟು ಎಚ್ಚರದಿಂದ ಬಳಸಿದೆ ನೋಡಿ. 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ 15(4)ನೇ ವಿಧಿ ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ’ ಹಿಂದುಳಿದ ವರ್ಗಗಳು ಎನ್ನುತ್ತದೆ. ಯಾವುದರಲ್ಲಿ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಲು ರಾಜ್ಯ ಸರ್ಕಾರ ನೇಮಿಸಿ, 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 35 ಸೂಚ್ಯಂಕಗಳನ್ನು ಇಟ್ಟುಕೊಂಡು ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಓದಲು ಕಷ್ಟವಾಗುವ ಸಂಖ್ಯೆ, ಆದರೆ ಪ್ರಾಮಾಣಿಕವಾದದ್ದು. ಅಲ್ಲಿ ಹಿಂದುಳಿದಿದ್ದದ್ದು ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ. ಅಲ್ಲಿ ಬಾಳುವ ಜನರ ಬುದ್ಧಿಯಲ್ಲ.

ಆಡುಮಾತಿನಲ್ಲಿ ಮಾತ್ರ ‘ಶೈಕ್ಷಣಿಕವಾಗಿ’ ಉದುರಿಹೋಯಿತು, ‘ಬ್ಯಾಕ್‌ವರ್ಡ್’ ಒಂದೇ ಉಳಿಯಿತು. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಈ ನೆಲ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತವೂ ಶಿಕ್ಷಣವೂ ಬಹುಪಾಲು ಉರ್ದುವಿನಲ್ಲಿ ನಡೆಯುತ್ತಿದ್ದವು. ಕನ್ನಡ ಮನೆಯ ಮಗುವಿಗೆ ತನ್ನ ಭಾಷೆಯ ಶಾಲೆ ಸಿಗುವುದೇ ದುರ್ಲಭವಾಗಿದ್ದ ಕಾಲದ ಫಲವನ್ನು ಇಂದಿನ ಮಕ್ಕಳ ಸ್ವಭಾವವೆಂದು ಹೇಳುವುದು ಅನ್ಯಾಯ.

2018ರಲ್ಲಿ ಕೇಂದ್ರ ಸರ್ಕಾರ ಯಾದಗಿರಿಯನ್ನು ‘ಆಸ್ಪಿರೇಷನಲ್’ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಆಕಾಂಕ್ಷೆಯುಳ್ಳದ್ದು ಎಂಬ ಈ ಹೊಸ ವಿಶೇಷಣ ಕಿವಿಗೆ ಹಿತವಾಗಿದೆ, ಕಾರ್ಯಕ್ರಮದ ಉದ್ದೇಶವೂ ಒಳ್ಳೆಯದೇ. ಆದರೂ ನನಗೆ ಹಳೆಯ ಪದವೇ ಬೇಕು, ಅದರ ಅಳತೆಯೊಂದಿಗೆ. ಆಕಾಂಕ್ಷೆ ಎಂದಾಗ ಹೊಣೆ ನಮ್ಮ ಹೆಗಲಿಗೇ ಬಂದಂತೆ ಕಾಣುತ್ತದೆ. ಯಾವುದರಲ್ಲಿ ಹಿಂದುಳಿದಿದ್ದೇವೆ ಎಂದು ಬರೆದಿಟ್ಟರೆ ಯಾರು ಏನು ಕೊಡಬೇಕಿತ್ತು ಎಂದು ಕೇಳಬಹುದು. ನಮ್ಮ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ದೊರೆತದ್ದೂ ಹಾಗೆ ವರ್ಷಗಟ್ಟಲೆ ಕೇಳಿದ್ದರಿಂದಲೇ. ಅದರ ಪ್ರಮಾಣಪತ್ರ ಹಿಡಿದು ಬೆಂಗಳೂರಿನ ಕಾಲೇಜಿಗೆ ಸೇರುವ ನಮ್ಮ ಹುಡುಗಿಯರು, ಹುಡುಗರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಅದು ಬಾಕಿ ವಸೂಲಿಯ ಪತ್ರ.